ಉಪವಾಸದವಳ ತುತ್ತು

ಲೂರ್ದಮ್ಮ ಸಲಾಲದಿಂದ ರಜೆಗೆಂದು ಪಣಕಹಳ್ಳಿಗೆ ಬಂದು ಇಪ್ಪತ್ತು ದಿನವಾಗಿತ್ತು. ಒಮಾನ್ ದೇಶದ ಆ ಊರಿನಲ್ಲಿ ಹೋಟೆಲುಗಳ ಹಾಸಿಗೆ ಬಟ್ಟೆ ಒಗೆದು ಇಸ್ತ್ರಿ ಮಾಡುವ ಒಂದು ದೊಡ್ಡ ಲಾಂಡ್ರಿಯಲ್ಲಿ ಆರು ವರ್ಷದಿಂದ ಅವಳಿಗೆ ಕೆಲಸ. ಎರಡು ವರ್ಷಕ್ಕೊಮ್ಮೆ ಊರಿಗೆ ಬರುವವಳು ಈ ಸಲ ಎರಡೂ ಅಂಗೈಯಲ್ಲಿ ಸುಟ್ಟ ಗಾಯದ ಗುರುತು ಹೊತ್ತು ಬಂದಿದ್ದಳು. ಗಾಯ ಮಾಗಿತ್ತು. ಆದರೆ ಹೊಸ ಚರ್ಮ ತೆಳ್ಳಗೆ, ಬಿಗಿಯಾಗಿ, ಮುಷ್ಟಿ ಕಟ್ಟಿದರೆ ಎಲ್ಲಿ ಸೀಳುತ್ತದೋ ಎನ್ನುವಂತಿತ್ತು. ಗಂಡ ಚೌರಪ್ಪ ಅವಳನ್ನು ಒಲೆಯ ಹತ್ತಿರಕ್ಕೂ ಬಿಡುತ್ತಿರಲಿಲ್ಲ. ತಾನೇ ರಾಗಿ ಹಿಟ್ಟು ತೊಳಸಿ ಮುದ್ದೆ ಕಟ್ಟಿ, ತಾನೇ ಸಾರು ಮಾಡಿ, ಆಮೇಲೆ ಹೊಲಕ್ಕೆ ಹೋಗುತ್ತಿದ್ದ.

ಆ ಬೆಳಿಗ್ಗೆ ಜಗಲಿಯ ಮೇಲೆ ಕೂತು ಬೆಳ್ಳುಳ್ಳಿ ಸುಲಿಯಲು ಆಗುತ್ತದೋ ಇಲ್ಲವೋ ಎಂದು ಬೆರಳನ್ನು ಪರೀಕ್ಷೆ ಮಾಡುತ್ತಿದ್ದಾಗ ಫೋನು ಬಂತು. ಸಲಾಲದಿಂದ ಶಂಶಾದ್. ಅದೇ ಲಾಂಡ್ರಿಯಲ್ಲಿ ಕೆಲಸ ಮಾಡುವವಳು, ಒಂದೇ ಕೋಣೆಯವಳು, ತಾಳವಾಡಿ ಪೇಟೆಯ ಹುಡುಗಿ.

"ಅಕ್ಕ, ನಾನು ಕೆಲ್ಸ ಬುಟ್ಟು ಬತ್ತಾ ಇವ್ನಿ."

"ಯಾಕಮ್ಮಿ? ಏನಾಯ್ತು?"

ಆ ಕಡೆ ಮೂಗು ಸೀಟುವ ಸದ್ದು. ಆಮೇಲೆ ಶಂಶಾದ್ ಹೇಳಿದಳು. "ಚಾಚಾ ಫೋನ್ ಮಾಡಿದ್ರು. ತಿಂಗ್ಳೊಳಗ ಬಂದ್ಬುಡು ಅಂದ್ರು. ಅಮ್ಮ ಅಂತೂ ನನ್ ಜೊತೆ ಮಾತೇ ಬುಟ್ಟವ್ರೆ. ನಾನು ಮತ ಬುಟ್ಟು ಚರ್ಚಿಗ ಸೇರ್ಕಂಡಿವ್ನಿ ಅಂತ ತಾಳವಾಡಿ ತುಂಬ ಮಾತಂತ. ಚರ್ಚಲ್ಲಿ ಗರಿ ಹಬ್ಬದ್ದು ಫೋಟೋ ಅಕ್ಕ, ನಾನು ತೆಂಗಿನ್ ಗರಿ ಹಿಡ್ಕಂಡು ನಿಂತಿರದು. ಅದ್ಕ ಯಾರೋ ಏಸುಸ್ವಾಮಿ ಹಾಡು ಬ್ಯಾರೆ ಸೇರ್ಸಿ ಬುಟ್ಟವ್ರೆ."

ಲೂರ್ದಮ್ಮ ಎದ್ದು ನಿಂತಳು. "ನೀನು ನಿಜ ಏಳ್ಬುಡಬೇಕಾಗಿತ್ತು ಕಣಮ್ಮಿ."

"ಏನಂತ ಏಳ್ಲಿ? ನಿನ್ ಕೈ ಸುಟ್ಟಿದ್ದ ಏಳುದ್ರ ಅಂಥ ಮಿಸೀನ್ ತಾವ ಕೆಲ್ಸ ಬ್ಯಾಡ, ಬಾ ಅಂತಾರ. ಏಳ್ದೆ ಇದ್ರ ಮತ ಬುಟ್ಟವ್ಳೆ, ಬಾ ಅಂತಾರ. ಎಲ್ಡು ಕಡಿಂದ್ಲೂ ಬಾ ಅನ್ನದೇಯ."

ಫೋನಿಟ್ಟ ಮೇಲೆ ಲೂರ್ದಮ್ಮ ಹಿತ್ತಲಿಗೆ ಹೋದಳು. ಚೌರಪ್ಪ ಹಸುವಿಗೆ ನೀರು ತೋರಿಸುತ್ತಿದ್ದ. ಆ ಫೋಟೋ ಅವಳ ಫೋನಿನಲ್ಲಿ ಬಿಟ್ಟರೆ ಇನ್ನೊಬ್ಬರ ಫೋನಿನಲ್ಲಷ್ಟೇ ಇತ್ತು. ಆ ಇನ್ನೊಬ್ಬರು ಯಾರೆಂದು ಅವಳಿಗೆ ಗೊತ್ತಿತ್ತು.

"ಆ ಫೋಟೋನ ಏನ್ ಮಾಡುದ್ರಿ ನೀವು?"

ಚೌರಪ್ಪನ ಮುಖ ಬಾಡಿತು. "ಸ್ಟೇಟಸ್ಗ ಆಕಿದ್ದಿ. ಕೆಟ್ಟದ್ಕ ಆಕ್ನಿಲ್ಲ ಲೂರ್ದು. ನಿನ್ಗ ಕೈಯಾಗಿದ್ದ ಉಡುಗಿ ಅಲ್ವಾ, ನಾಕು ಜನ ನೋಡ್ಲಿ ಅಂತ."

ಅವನು ಫೋನು ತೆಗೆದು ತೋರಿಸಿದ. ಅಡ್ಡಡ್ಡಕ್ಕಿದ್ದ ಫೋಟೋವನ್ನು ಸ್ಟೇಟಸ್ಸಿಗೆ ಹೊಂದುವಂತೆ ಉದ್ದುದ್ದಕ್ಕೆ ಕತ್ತರಿಸಿದ್ದ. ಹಾಗೆ ಕತ್ತರಿಸಿದಾಗ ಶಂಶಾದಳ ಪಕ್ಕದಲ್ಲಿ ನಿಂತಿದ್ದ ಲೂರ್ದಮ್ಮ ಹೊರಗೆ ಹೋಗಿದ್ದಳು. ಬಟ್ಟೆ ಸುತ್ತಿದ್ದ ಅವಳ ಎರಡು ಕೈಗಳೂ ಅವಳ ಜೊತೆಗೇ ಹೋಗಿದ್ದವು. ಉಳಿದದ್ದು ತಲೆಗೆ ದುಪಟ್ಟಾ ಹೊದ್ದ ಶಂಶಾದ್, ಅವಳ ಕೈಯಲ್ಲಿ ಗರಿ, ಹಿಂದೆ ಶಿಲುಬೆ, ಜೊತೆಗೊಂದು ಭಕ್ತಿಗೀತೆ.

"ಅಳಿಸ್ಬುಡ್ತೀನಿ ಬುಡು," ಎಂದ ಚೌರಪ್ಪ.

"ಸ್ಟೇಟಸ್ಸು ಒಂದ್ ದಿನಕ್ಕೇ ಅಳುದೋಗದ. ಮಾತು ಅಳುದೋದದ? ನಡೀರಿ ತಾಳವಾಡಿಗ. ಶಂಶಾದ್ ತಾಯಿ ಮುಂದ ನಾನೇ ಏಳ್ತೀನಿ."

"ಅವ್ರ ಮನೆ ಇಚಾರಕ್ಕ ನಾವು ತಲೆ ಆಕುದ್ರ ಬೆಂಕಿಗ ಸೀಮೆಣ್ಣ ಉಯ್ದಂಗ ಆಯ್ತದ ಕಣ."

"ಬೆಂಕಿ ಅಚ್ಚಿದೋರೇ ನಾವಲ್ವ?" ಎಂದಳು ಲೂರ್ದಮ್ಮ. ಸೀರೆ ಬದಲಾಯಿಸಲು ಒಳಗೆ ಹೋದಳು. ಚೌರಪ್ಪ ತಡಮಾಡದೆ ಕಾಲು ತೊಳೆದುಕೊಂಡ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತ ಲೂರ್ದಮ್ಮನಿಗೆ ಶಂಶಾದ್ ಮೊದಲ ದಿನ ಬಂದದ್ದು ನೆನಪಾಯಿತು. ಮೂರು ವರ್ಷದ ಹಿಂದಿನ ಮಾತು. ಲಾಂಡ್ರಿಯ ಹಾಸ್ಟೆಲಿನಲ್ಲಿ ಕೇರಳದವರಿದ್ದರು, ಹೈದರಾಬಾದಿನವರಿದ್ದರು, ಶ್ರೀಲಂಕಾ, ಫಿಲಿಪ್ಪೀನ್ಸ್, ಬಾಂಗ್ಲಾದೇಶದವರಿದ್ದರು. ಕನ್ನಡ ಮಾತಾಡಲು ಮಾತ್ರ ಒಬ್ಬರೂ ಇರಲಿಲ್ಲ. ಹೊಸದಾಗಿ ಬಂದ ತೆಳ್ಳನೆಯ ಹುಡುಗಿಯೊಬ್ಬಳು ಬಿಸಿ ಬಟ್ಟೆಯ ಬುಟ್ಟಿ ಎತ್ತಲು ಹೋಗಿ, ಕೈ ಚುರುಕ್ಕೆಂದು, "ಅಯ್ಯೋ ಬುಡತ್ಲಾಗ!" ಎಂದಳು. ಲೂರ್ದಮ್ಮ ಕೈಯಲ್ಲಿದ್ದ ಚಾದರವನ್ನು ಹಾಗೇ ಕೈಬಿಟ್ಟಳು.

"ಯಾವೂರಮ್ಮಿ ನೀನು?"

"ತಾಳವಾಡಿ."

"ನಾನು ಪಣಕಳ್ಳಿ ಕಣಮ್ಮಿ!"

ಊರಲ್ಲಿದ್ದಾಗ ಒಂದೇ ಸಂತೆಗೆ ಬಂದವರು, ಒಂದೇ ಬಸ್ಸು ಹತ್ತಿದವರು, ಒಬ್ಬರನ್ನೊಬ್ಬರು ಕಂಡೇ ಇರಲಿಲ್ಲ. ಕಂಡಿದ್ದರೂ ಮಾತಾಡಿಸುತ್ತಿರಲಿಲ್ಲವೇನೋ. ಸಮುದ್ರ ದಾಟಿ ಬಂದು ಮಾತಿಗೆ ಸಿಕ್ಕರು.

ಶಂಶಾದ್‌ಗೆ ಆಗ ಇಪ್ಪತ್ತೆಂಟು. ಮದುವೆಯಾಗಿ ಎರಡೇ ವರ್ಷಕ್ಕೆ ಗಂಡ ತೀರಿಕೊಂಡಿದ್ದ. ತಾಯಿ ಖೈರುನ್‌ಬಿ ಬ್ಲೌಸು ಹೊಲಿದು ಮನೆ ನಡೆಸುತ್ತಿದ್ದವರು. ತಂದೆಯಿಲ್ಲದ ಮನೆಗೆ ಹಿರಿಯರೆಂದರೆ ಚಿಕ್ಕಪ್ಪ ಅಮೀರ್‌ಜಾನ್. ಅವರು ವಿದೇಶದ ಕೆಲಸ ಬೇಡವೆಂದಿದ್ದರು. ಒಪ್ಪಿಸಿ ಬಂದ ಹುಡುಗಿ ಮೊದಮೊದಲು ಯಾರಿಗೂ ತಲೆಯೆತ್ತಿ ಉತ್ತರ ಕೊಡುತ್ತಿರಲಿಲ್ಲ. ಮುಸ್ಲಿಮಳಾದ್ದರಿಂದ ಇವಳಿಗೆ ಅರಬ್ಬಿ ಬರುತ್ತದೆಂದು ಎಲ್ಲರೂ ಇವಳನ್ನೇ ಅಂಗಡಿಗೆ ಮುಂದೆ ಮಾಡುವರು. ಅವಳಿಗೆ ಕುರಾನು ಓದಲು ಬರುತ್ತಿತ್ತು, ಉಪ್ಪು ಎಷ್ಟೆಂದು ಕೇಳಲು ಬರುತ್ತಿರಲಿಲ್ಲ. ಲೂರ್ದಮ್ಮನೇ ಅವಳಿಗೆ ಅಂಗಡಿಯ ಅರಬ್ಬಿ ಕಲಿಸಿದಳು.

ಇಬ್ಬರ ದೇವರ ವಿಷಯ ಬೇರೆ ಬೇರೆಯೇ ಉಳಿಯಿತು. ಶಂಶಾದ್ ನಮಾಜಿಗೆ ನಿಂತರೆ ಲೂರ್ದಮ್ಮ ಫ್ಯಾನಿನ ಸದ್ದು ಕೂಡ ಕಮ್ಮಿ ಮಾಡುವಳು. ಲೂರ್ದಮ್ಮ ಜಪಮಾಲೆ ಹಿಡಿದರೆ ಶಂಶಾದ್ ಫೋನು ಹಿಡಿದು ಹೊರಗೆ ಹೋಗುವಳು. ಆದರೆ ಈ ನಾಚಿಕೆಯ ಹುಡುಗಿಗೆ ತಾನೇ ದಿಕ್ಕು ಎಂದುಕೊಂಡಿದ್ದ ಲೂರ್ದಮ್ಮನ ಎಣಿಕೆ ಮೂರನೇ ತಿಂಗಳಿಗೇ ತಲೆಕೆಳಗಾಯಿತು.

ಅಲ್ಲಿ ವಾರದ ರಜೆ ಶುಕ್ರವಾರ. ಚರ್ಚಿನ ಪೂಜೆಯೂ ಶುಕ್ರವಾರವೇ. ಹೋಟೆಲುಗಳ ಕೆಲಸಕ್ಕೆ ರಜೆಯಿಲ್ಲದ್ದರಿಂದ ಕ್ರೈಸ್ತ ಹೆಂಗಸರಿಗೆ ಬೆಳಿಗ್ಗೆ ಮೂರು ಗಂಟೆ ಬಿಡುವು ಕೊಡುತ್ತಿದ್ದರು. ಹೊಸದಾಗಿ ಬಂದ ಸೂಪರ್‌ವೈಸರ್ ಅದನ್ನು ಒಂದೇ ಮಾತಿಗೆ ನಿಲ್ಲಿಸಿದ. ಮಳೆಗಾಲ, ಸಲಾಲದ ಬೆಟ್ಟ ಹಸಿರಾಗಿ ಪ್ರವಾಸಿಗರು ತುಂಬಿದ್ದರು, ಬಟ್ಟೆ ಬೆಟ್ಟದಷ್ಟು ಬೀಳುತ್ತಿತ್ತು. "ಪ್ರಾರ್ಥನೆಗೆ ಬಿಡುವು ಮುಸ್ಲಿಮರಿಗೆ ಮಾತ್ರ," ಎಂದ. ಐದು ಜನ ಕ್ರೈಸ್ತ ಹೆಂಗಸರು ತಲೆ ತಗ್ಗಿಸಿ ನಿಂತರು. ಲೂರ್ದಮ್ಮನೂ.

ಆಗ ಹಿಂದಿನ ಸಾಲಿನಿಂದ ಶಂಶಾದ್ ಮುಂದೆ ಬಂದಳು. ಹಿಂದಿಯಲ್ಲಿ, ನಿಧಾನವಾಗಿ ಹೇಳಿದಳು. "ಸಾರ್, ಇವರ ಬಿಡುವು ತೆಗೆದರೆ ನನ್ನದೂ ತೆಗೆಯಿರಿ. ನನ್ನ ನಮಾಜನ್ನು ಕೋಣೆಗೆ ಹೋದ ಮೇಲೆ ಮಾಡಿಕೊಳ್ಳುತ್ತೇನೆ. ಇಲ್ಲವೆಂದರೆ ಇವರು ಚರ್ಚಿಗೆ ಹೋದಾಗ ಇವರ ಮೇಜಿನ ಬಟ್ಟೆ ನಾನು ಮಡಿಸುತ್ತೇನೆ. ನನ್ನ ನಮಾಜಿನ ಹೊತ್ತಿಗೆ ಅವರು ನನ್ನ ಬಟ್ಟೆ ಮಡಿಸುತ್ತಾರೆ. ನಿಮ್ಮ ಒಂದು ಚಾದರವೂ ಹಿಂದೆ ಬೀಳುವುದಿಲ್ಲ."

ಸೂಪರ್‌ವೈಸರ್ ನಕ್ಕ. "ನೀನೊಬ್ಬಳೇ ಐದು ಜನರದ್ದು ಮಡಿಸುತ್ತೀಯಾ?"

ಹೈದರಾಬಾದಿನ ಹಿರಿಯ ಹೆಂಗಸೊಬ್ಬಳು ಬಂದು ಶಂಶಾದಳ ಪಕ್ಕ ನಿಂತಳು. ಆಮೇಲೆ ಮಲಯಾಳಿ ಬೀವಿಯರಿಬ್ಬರು. ಆಮೇಲೆ ಬಾಂಗ್ಲಾದವರು. ಒಟ್ಟು ಹನ್ನೊಂದು ಜನ. ಆತ ಒಬ್ಬೊಬ್ಬರ ಮುಖವನ್ನೂ ನೋಡಿ, "ಮಾಡಿಕೊಳ್ಳಿ, ಆದರೆ ಕೆಲಸ ನಿಂತರೆ ನೋಡಿ" ಎಂದು ಹೊರಟುಹೋದ. ಕೆಲಸ ನಿಲ್ಲಲಿಲ್ಲ. ಅಂದಿನಿಂದ ಆ ಲಾಂಡ್ರಿಯಲ್ಲಿ ಅದೇ ಪದ್ಧತಿಯಾಯಿತು.

"ಇಳೀರಿ, ತಾಳವಾಡಿ," ಎಂದು ಕಂಡಕ್ಟರ್ ಕೂಗಿದಾಗ ಲೂರ್ದಮ್ಮ ಎದ್ದಳು.

ಖೈರುನ್‌ಬಿಯ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಹೊಲಿಗೆ ಮನೆ ಯಾವುದೆಂದು ಕೇಳಿದರೆ ಸಾಕಿತ್ತು. ಬಾಗಿಲು ಅರ್ಧ ಮುಚ್ಚಿತ್ತು. ಪಕ್ಕದ ಮನೆಯ ಶಿವಮಲ್ಲಮ್ಮ ಜಗಲಿಯಿಂದಲೇ ಹೇಳಿದಳು. "ಒಳ್ಗೇ ಅವ್ರೆ ಕಣವ್ವ. ಎರಡ್ ವಾರಾತು, ಆಚೆಗೇ ಬರ್ನಿಲ್ಲ. ಅಂಗಡಿ ಸಾಮಾನೂ ನಾನೇ ತಂದ್ಕೊಡ್ತಾವ್ನಿ."

ಖೈರುನ್‌ಬಿ ಬಾಗಿಲಿಗೆ ಬಂದರು. ಅರುವತ್ತರ ಹತ್ತಿರದ, ಕಣ್ಣಿಗೆ ದಪ್ಪ ಕನ್ನಡಕ ಹಾಕಿದ ಹೆಂಗಸು. ಒಳಗೆ ಹೊಲಿಗೆ ಯಂತ್ರದ ಪಕ್ಕದ ಕುರ್ಚಿಯಲ್ಲಿ ಬಿಳಿ ಗಡ್ಡದ ಅಮೀರ್‌ಜಾನ್ ಸಾಬರು ಕೂತಿದ್ದರು. ಮೂವತ್ತು ವರ್ಷ ತರಕಾರಿ ಟೆಂಪೋದಲ್ಲಿ ದಿಂಬಂ ಘಾಟಿ ಇಳಿದು ಹತ್ತಿದವರು. ಪೇಟೆಯಲ್ಲಿ ಅವರ ಮಾತಿಗೆ ತೂಕವಿತ್ತು.

"ನಾನು ಪಣಕಳ್ಳಿ ಲೂರ್ದಮ್ಮ. ಶಂಶಾದ್ ಜೊತೆ ಕೆಲ್ಸ ಮಾಡದು. ಇವ್ರು ನಮ್ಮ ಯಜಮಾನ್ರು."

ಖೈರುನ್‌ಬಿಯ ಮುಖ ಗಟ್ಟಿಯಾಯಿತು. "ನೀನೇನಮ್ಮ, ನನ್ ಮಗಳ್ನ ಚರ್ಚಿಗ ಕರ್ಕೊಂಡೋದೋಳು?"

"ಊ ಅಮ್ಮ, ನಾನೇಯ. ಅದ್ಕೇ ಬಂದಿವ್ನಿ. ಒಳಗ ಬರ್ಲಾ, ಇಲ್ಲ ಇಲ್ಲೇ ನಿಂತ್ಕಂಡು ಏಳ್ಲಾ?"

ಅಮೀರ್‌ಜಾನ್ ಕೈ ಸನ್ನೆ ಮಾಡಿದರು. "ಮನೆಗ ಬಂದೋರ್ನ ನಿಲ್ಸಬಾರ್ದು. ಕೂತ್ಕೊಳ್ಳಿ."

ಚೌರಪ್ಪ ಬಾಗಿಲ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತ. ಮೊದಲು ಅವನೇ ಬಾಯಿ ತೆಗೆದ. "ಸಾಬ್ರೆ, ಫೋಟೋ ಆಕ್ದೋನು ನಾನು. ಕತ್ತರ್ಸಿ ಹಾಡು ಸೇರ್ಸಿದ್ದೂ ನಾನೇಯ. ಬಯ್ಯದಿದ್ರ ನನ್ನ ಬಯ್ರಿ. ಆ ಉಡುಗೀದು ಏನೂ ತಪ್ಪಿಲ್ಲ."

ಅಮೀರ್‌ಜಾನ್ ಬಯ್ಯಲಿಲ್ಲ. "ಅವಳು ಅಲ್ಲಿಗ ಯಾಕ ಓದ್ಲು, ಅದ ಏಳಿ," ಎಂದರು.

ಲೂರ್ದಮ್ಮ ಸೆರಗಿನೊಳಗಿದ್ದ ಎರಡೂ ಕೈಗಳನ್ನು ಹೊರಗೆ ತೆಗೆದು ಅಂಗೈ ಮೇಲೆ ಮಾಡಿ ಹಿಡಿದಳು. ಖೈರುನ್‌ಬಿ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದರು. "ಯಾ ಅಲ್ಲಾ," ಎಂದು ಅವರ ಬಾಯಿಂದ ತಾನಾಗಿ ಬಂತು.

"ರೋಜಾ ಸುರುವಾಗಿ ಮೂರ್ನೇ ದಿನ," ಎಂದು ಲೂರ್ದಮ್ಮ ಶುರುಮಾಡಿದಳು. "ನಮ್ಗೂ ಅವಾಗ ತಪಸ್ಸುಕಾಲ, ಈಸ್ಟರ್ ಮುಂಚಿನ ನಲ್ವತ್ ದಿನ. ಬಟ್ಟೆ ಒತ್ತ ದೊಡ್ಡ ಉರುಳೆ ಮಿಸೀನ್ಲಿ ಚಾದರ ಸಿಕ್ಕಾಕ್ಕತ್ತು. ಎಳಿಯಕ್ಕೋದಿ. ಮುಂದಿರ ತಡೆ ಸರಳು ಸಡ್ಲಾಗಿತ್ತು, ಎರಡೂ ಕೈ ಬಿಸಿ ತಗಡಿನ ಮ್ಯಾಲ ಬಿತ್ತು. ಮಿಸೀನ್ ಗುಂಡಿ ಒತ್ತಿ ನಿಲ್ಸಿದ್ದು ಶಂಶಾದ್. ಆಸ್ಪತ್ರೇಲಿ ಮಣಿಕಟ್ಟಿನ ತಂಕ ಬಟ್ಟೆ ಸುತ್ತುದ್ರು. ನೀರ್ ಕುಡಿಯಕ್ಕಿಲ್ಲ, ಜಡೆ ಕಟ್ಟಕ್ಕಿಲ್ಲ, ಸೀರೆ ಸುತ್ತಕ್ಕಿಲ್ಲ. ಮೂರೊತ್ತೂ ಉಂಡು ಮಾತ್ರೆ ತಕ್ಕಬೇಕು ಅಂದ್ರು ಡಾಕ್ಟ್ರು. ಊರಿಗ ಫೋನ್ ಮಾಡಿ ಏಳಕ್ಕೂ ನನ್ಗ ಧೈರ್ಯ ಇರ್ನಿಲ್ಲ. ಇವ್ರಿಗೂ ಬಂದ್ ಮ್ಯಾಲೇ ಗೊತ್ತಾಗಿದ್ದು."

"ಆಮ್ಯಾಕ?" ಎಂದರು ಖೈರುನ್‌ಬಿ.

"ಆಮ್ಯಾಕ ಅವಳೇ ನನ್ಗ ಕೈ. ಮದ್ದಿನ್ನ ಒಂದ್ ಗಂಟೆ ಬಿಡುವು ಅಮ್ಮ, ಅಷ್ಟ್ರಲ್ಲಿ ನಮಾಜು ಮಾಡಿ, ಓಡ್ಬಂದು, ರಾಗಿ ಹಿಟ್ಟು ತೊಳ್ಸಿ, ಬಿಸಿ ಮುದ್ದೆನ ಮುರ್ದು ಮುರ್ದು ಸಾರ್ಗ ಅದ್ದಿ ನನ್ ಬಾಯ್ಗ ಇಟ್ಲು. ಬೆಳಗ್ಗಿಂದ ಒಂದ್ ತೊಟ್ಟು ನೀರು ಅವಳ ಬಾಯ್ಗ ಬಿದ್ದಿಲ್ಲ. ಆ ಸೆಕೇಲಿ ತುಟಿ ಒಣ್ಗಿ ಸೀಳೋಗಿತ್ತು. ನಾನು ಬಾಯಿ ಮುಚ್ಕಂಡಿ. ನೀನು ಉಪಾಸ ಇದ್ಕಂಡು ನನ್ಗ ತಿನ್ಸುದ್ರ ನನ್ ಗಂಟ್ಲಲಿ ಇಳಿಯಕ್ಕಿಲ್ಲ ಅಂದಿ."

"ಅದ್ಕ ಏನಂದ್ಲು?"

"'ರೋಜಾ ನನ್ದು ಅಕ್ಕ, ನಿನ್ದಲ್ಲ. ಬಾಯಿ ತಗಿ' ಅಂದ್ಲು."

ಖೈರುನ್‌ಬಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಗಡ್ಡ ನೀವುತ್ತಿದ್ದ ಅಮೀರ್‌ಜಾನರ ಕೈ ನಿಂತಿತು.

"ಒಂದ್ ದಿನ ಅಲ್ಲ, ಎರಡ್ ದಿನ ಅಲ್ಲ. ಇಪ್ಪತ್ತಾರು ದಿನ ತಿನ್ಸುದ್ಲು, ಹಬ್ಬದ ಚಂದ್ರ ಕಾಣಗಂಟ. ಇನ್ನೊಂದು ಏಳ್ತೀನಿ ಕೇಳಿ. ರೋಜಾ ಅಲ್ವಾ, ಸಾರಿನ ಉಪ್ಪು ನೋಡಂಗಿಲ್ಲ ಅವಳು. ಒಂದಿನ ಉಪ್ಪೇ ಇಲ್ಲ, ಒಂದಿನ ಬರೀ ಉಪ್ಪು. ನಾನು ಮುಖ ಸಿಂಡರಿಸ್ಕಂಡ್ರ ಅವಳ್ಗ ಗೊತ್ತಾಗ್ಬುಡದು. 'ಜಾಸ್ತಿಯೋ ಕಮ್ಮಿಯೋ ಅಷ್ಟು ಏಳು, ನಾಳಕ್ಕ ಸರಿ ಮಾಡ್ತೀನಿ' ಅನ್ನಳು. ನಾಳಕ್ಕ ಇನ್ನೊಂದ್ ಕಡಿಗ ತಪ್ಪದು."

ಖೈರುನ್‌ಬಿ ನಕ್ಕರೋ ಅತ್ತರೋ ತಿಳಿಯಲಿಲ್ಲ. ಎರಡೂ ಒಟ್ಟಿಗೇ ಬಂದಿತ್ತು. "ಅವಳು ರೋಜಾ ಇಲ್ದಾಗ್ಲೂ ಅಷ್ಟೇ ಕಣಮ್ಮ," ಎಂದರು.

"ಈಸ್ಟರ್‌ಗ ಮುಂಚೆ ಬರ ಗರಿ ಹಬ್ಬ ಬಂತು," ಎಂದು ಲೂರ್ದಮ್ಮ ಮುಂದುವರಿಸಿದಳು. "ನನ್ಗ ಓಗ್ಲೇಬೇಕು ಅನ್ನಿಸ್ತು. ಬಸ್ಸಿನ ಕಂಬಿ ಹಿಡಿಯಕ್ಕೂ ಕೈ ಇಲ್ಲ. ನಾನ್ ಬತ್ತೀನಿ ಅಂತ ಅವಳೇ ಅಂದ್ಲು. ಅಲ್ಲಿ ಎಲ್ರಿಗೂ ಗರಿ ಕೊಟ್ರು. ನಾನು ಇಡಿಯದೆಂಗ? ಅವಳು ಇಡ್ಕಂಡ್ಲು. ಅಷ್ಟೇಯ."

ಅಮೀರ್‌ಜಾನ್ ಮೆಲ್ಲಗೆ ಕೇಳಿದರು. "ಅಮ್ಮ, ನಾನು ಕೇಳ್ಲೇಬೇಕು, ಕೇಳ್ತೀನಿ. ಅವಳು ಅಲ್ಲಿ ಮಂಡಿ ಊರುದ್ಲಾ? ಪೂಜೆ ಮಾಡುದ್ಲಾ?"

"ಇಲ್ಲ ಸಾಬ್ರೆ. ಗೋಡೆ ಪಕ್ಕ ನನ್ ಜೊತೆ ನಿಂತಿದ್ಲು. ಗರಿ ನನ್ದು, ಇಡ್ದಿದ್ದ ಕೈ ಅವಳ್ದು. ನಮ್ ಫಾದರ್ ಪ್ರಸಂಗ ಉದ್ದ ಮಾಡ್ಬುಟ್ರು. ಇವಳ್ಗ ನಮಾಜಿನ ಒತ್ತಾಯ್ತದಲ್ಲ ಅಂತ ನಾನು ಪೂಜೆ ಬುಟ್ಟು ಗಡಿಯಾರ ನೋಡ್ತಿದ್ದಿ. ನನ್ನ ಯಾಕ ಕೇಳ್ತೀರಿ, ಇದ ನೋಡಿ."

ಅವಳು ತನ್ನ ಫೋನಿನಲ್ಲಿದ್ದ ಇಡೀ ಫೋಟೋ ತೆಗೆದು ಅವರ ಮುಂದೆ ಹಿಡಿದಳು. ಅದರಲ್ಲಿ ಇಬ್ಬರೂ ಇದ್ದರು. ಬಿಳಿ ಬಟ್ಟೆ ಸುತ್ತಿದ ಎರಡು ಕೈಗಳು ಎದೆಯ ಹತ್ತಿರ. ಅವುಗಳ ಮುಂದೆ, ಲೂರ್ದಮ್ಮನ ಮುಖಕ್ಕೆ ನೇರವಾಗಿ ಗರಿಯನ್ನು ಎತ್ತಿ ಹಿಡಿದು ನಿಂತ ಶಂಶಾದ್. ಅಮೀರ್‌ಜಾನ್ ಫೋನನ್ನು ದೂರ ಹಿಡಿದು, ಹತ್ತಿರ ಹಿಡಿದು, ಬಹಳ ಹೊತ್ತು ನೋಡಿದರು. ಶುಕ್ರವಾರದ ಬಿಡುವಿಗಾಗಿ ಅವಳು ಸೂಪರ್‌ವೈಸರ್ ಮುಂದೆ ನಿಂತ ಕಥೆಯನ್ನೂ ಲೂರ್ದಮ್ಮ ಆಗ ಹೇಳಿದಳು.

"ನಮ್ ಶಂಶಾದಾ?" ಎಂದರು ಖೈರುನ್‌ಬಿ. "ಅಂಗಡೀಲಿ ಚಿಲ್ರೆ ಕೇಳಕ್ಕೂ ನನ್ ಹಿಂದ ಅವಿತ್ಕೊಳ್ತಿದ್ಲು ಆ ಮಗು."

"ನಿಮ್ ಶಂಶಾದೇಯ ಅಮ್ಮ. ಅವತ್ತು ನಾನು ತಲೆ ಬಗ್ಸಿ ನಿಂತಿದ್ದಿ. ನನ್ಗಿಂತ ಚಿಕ್ಕೋಳು, ಅವಳು ಎತ್ತಿದ್ಲು."

ಅಷ್ಟರಲ್ಲಿ ಮಸೀದಿಯಿಂದ ಮಧ್ಯಾಹ್ನದ ಬಾಂಗು ಕೇಳಿತು. ಅಮೀರ್‌ಜಾನ್ ಎದ್ದು ಟೋಪಿ ಹಾಕಿಕೊಂಡರು. ಬಾಗಿಲು ದಾಟಿದವರು ತಿರುಗಿ, "ಓಗ್‌ಬ್ಯಾಡಿ. ನಮಾಜ್ ಮುಗಿಸ್ಕಂಡು ಬತ್ತೀನಿ," ಎಂದರು. ಅವರ ಮುಖದಿಂದ ಏನನ್ನೂ ಊಹಿಸಲಾಗುತ್ತಿರಲಿಲ್ಲ. ಚೌರಪ್ಪ ಹೆಂಡತಿಯ ಕಡೆ ನೋಡಿದ. ಲೂರ್ದಮ್ಮ ತಲೆಯಾಡಿಸಿದಳು, ಹೇಳಬೇಕಾದ್ದು ಹೇಳಿಯಾಗಿತ್ತು.

ಖೈರುನ್‌ಬಿ ಒಳಗೆ ಹೋಗಿ ಟೀ ಮಾಡಿಕೊಂಡು ಬಂದರು. ಲೋಟ ಬಿಸಿಯಿದೆಯೆಂದು ಎರಡು ಪದರ ಬಟ್ಟೆ ಸುತ್ತಿ ಲೂರ್ದಮ್ಮನ ಕೈಗೆ ಕೊಟ್ಟರು. ಆಮೇಲೆ ಅವಳ ಪಕ್ಕದಲ್ಲೇ ಚಾಪೆಯ ಮೇಲೆ ಕೂತು ಅವಳ ಅಂಗೈಯನ್ನು ಮುಟ್ಟದೆ, ಮಣಿಕಟ್ಟನ್ನು ಮಾತ್ರ ಹಿಡಿದುಕೊಂಡರು.

ಅರ್ಧ ಗಂಟೆ ಕಳೆದು ಅಮೀರ್‌ಜಾನ್ ಬಂದರು. ಒಬ್ಬರೇ ಬರಲಿಲ್ಲ. ಜೊತೆಗೆ ಮೂವರು ಹಿರಿಯರಿದ್ದರು. ಫೋಟೋ ಹಿಡಿದು ಮೊದಲು ಅಮೀರ್‌ಜಾನರ ಹತ್ತಿರ ದೂರು ತಂದವರೇ ಆ ಮೂವರು. ಚೌರಪ್ಪ ಗಾಬರಿಯಾಗಿ ಎದ್ದು ನಿಂತ. ಅಮೀರ್‌ಜಾನ್ ಅವರಿಗೆಲ್ಲ ಚಾಪೆ ಹಾಸಿ ಕೂರಿಸಿ, ತಾವು ನಿಂತೇ ಲೂರ್ದಮ್ಮನಿಗೆ ಹೇಳಿದರು.

"ಇನ್ನೊಂದ್ಸಲ ಏಳಮ್ಮ, ಇವ್ರ ಮುಂದ. ಮೊದಲಿಂದ ಏಳು. ಆ ಉಪ್ಪಿನ ಇಸ್ಯಾನೂ ಬುಡಬ್ಯಾಡ."

ಲೂರ್ದಮ್ಮ ಇನ್ನೊಮ್ಮೆ ಹೇಳಿದಳು. ಈ ಸಲ ಅವಳ ದನಿ ಗಟ್ಟಿಯಾಗಿತ್ತು. ಅವಳು ಏನಾದರೂ ಬಿಟ್ಟರೆ ಅಮೀರ್‌ಜಾನರೇ ನೆನಪಿಸಿದರು. "ಹನ್ನೊಂದು ಜನ ಬಂದು ನಿಂತ್ರಲ್ಲ, ಅದ ಏಳು." "ಮೊದ್ಲು ಮುಂದ ಬಂದೋಳು ಯಾರು, ಅದ ಏಳು." ಶಿವಮಲ್ಲಮ್ಮ ಬಾಗಿಲಿಗೆ ಒರಗಿ ನಿಂತು ಕೇಳಿದಳು. ಅವಳ ಹಿಂದೆ ಬೀದಿಯ ಇನ್ನಿಬ್ಬರು ಹೆಂಗಸರು.

ಮುಗಿದ ಮೇಲೆ ಮೂವರಲ್ಲಿ ತೀರ ವಯಸ್ಸಾದವರು, "ಅಮೀರ್, ನಾವು ಅರ್ಧ ಚಿತ್ರ ನೋಡಿ ಪೂರ್ತಿ ಮಾತಾಡ್ಬುಟ್ಟೊ," ಎಂದರು. "ರೋಜಾ ಇದ್ಕಂಡು ಇನ್ನೊಬ್ರ ಹಸಿವು ತೀರ್ಸಿದೋಳ್ಗ ನಾವು ಏನ್ ಬುದ್ಧಿ ಏಳದು? ನಾವೇ ಅವಳ ತಾವ ಕಲೀಬೇಕು." ಖೈರುನ್‌ಬಿಯ ಕಡೆ ತಿರುಗಿ, "ಮಾಫ್ ಮಾಡಮ್ಮ," ಎಂದರು.

ಖೈರುನ್‌ಬಿ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತರು. ಎರಡು ವಾರದಿಂದ ಬಗ್ಗಿದ್ದ ಬೆನ್ನು ಅದು.

ಲೂರ್ದಮ್ಮ ಅಲ್ಲಿಂದಲೇ ಸಲಾಲಕ್ಕೆ ವೀಡಿಯೋ ಕಾಲ್ ಮಾಡಿದಳು. ಶಂಶಾದ್ ಲಾಂಡ್ರಿಯ ಹೊರಗಿನ ಮೆಟ್ಟಿಲಲ್ಲಿ ಕೂತಿದ್ದಳು. ಪರದೆಯಲ್ಲಿ ಮನೆ, ಅಮ್ಮ, ಚಿಕ್ಕಪ್ಪ, ಮಸೀದಿಯ ಹಿರಿಯರು, ಎಲ್ಲರೂ ಒಟ್ಟಿಗೆ ಕಂಡಾಗ ಅವಳ ಮುಖ ಬಿಳಿಚಿತು. ದುಪಟ್ಟಾ ತಲೆಯ ಮೇಲೆ ಎಳೆದುಕೊಂಡು ಸಲಾಂ ಹೇಳಿದಳು.

ಅಮೀರ್‌ಜಾನ್ ಫೋನು ತಮ್ಮ ಕೈಗೆ ತೆಗೆದುಕೊಂಡರು. ಎಲ್ಲರೂ ಅವರು ಏನು ಹೇಳುತ್ತಾರೆಂದು ಕಾದರು.

"ಆ ಮಿಸೀನ್ಗ ತಡೆ ಸರಳು ಗಟ್ಟಿ ಮಾಡ್ಸುದ್ರಾ?" ಎಂದು ಕೇಳಿದರು.

ಶಂಶಾದ್‌ಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಲೂರ್ದಮ್ಮನ ಮುಖ ಮೂಲೆಯಲ್ಲಿ ಕಂಡಿತು. "ಮಾಡ್ಸುದ್ರು ಚಾಚಾ. ಅದ ಮಾಡ್ಸಗಂಟ ಆ ಮಿಸೀನ್ ಮುಟ್ಟಲ್ಲ ಅಂತ ನಾವೆಲ್ಲ ಸೇರಿ ಅಂದೊ. ನಾಕ್ ದಿನಕ್ಕ ಹೊಸ ಸರಳು ಬಂತು."

"ನಾವೆಲ್ಲ ಅಂದ್ರ ಯಾರು?"

"ಎಲ್ರೂ ಚಾಚಾ. ನಮ್ಮೋರು, ಅಕ್ಕನ್ ಚರ್ಚಿನೋರು, ಎಲ್ರೂವೆ."

"ಮೊದ್ಲು ಅಂದೋರು ಯಾರು?"

ಶಂಶಾದ್ ನಾಚಿಕೆಯಿಂದ ತಲೆ ತಗ್ಗಿಸಿದಳು. ಅಮೀರ್‌ಜಾನ್ ಪಕ್ಕದ ಹಿರಿಯರ ಕಡೆ ತಿರುಗಿ ಹುಬ್ಬು ಹಾರಿಸಿದರು. ಆಮೇಲೆ ಫೋನಿಗೆ ಹೇಳಿದರು. "ಕೆಲ್ಸ ಬುಡಬ್ಯಾಡ. ಚೆನ್ನಾಗ್ ಮಾಡು. ರಜೆ ಕೊಟ್ಟಾಗ ಬಾ. ನಾನು ಕೋಪ್ದಲ್ಲಿ ಅಂದಿದ್ದ ಮನ್ಸಲ್ಲಿ ಇಟ್ಕಬ್ಯಾಡ." ಫೋನನ್ನು ಖೈರುನ್‌ಬಿಗೆ ಕೊಟ್ಟು, ಬೀದಿಯ ಕಡೆ ಮುಖ ಮಾಡಿ ನಿಂತರು.

ಖೈರುನ್‌ಬಿ ಮಗಳನ್ನು ಬಯ್ದರು. ತಮ್ಮ ಮನೆಮಾತಿನಲ್ಲಿ, ಉಸಿರು ತೆಗೆದುಕೊಳ್ಳದೆ, ಎರಡು ನಿಮಿಷ ಬಯ್ದರು. ಇಷ್ಟೆಲ್ಲ ಮಾಡಿ ತಾಯಿಗೆ ಒಂದು ಮಾತು ಹೇಳಲಿಲ್ಲವೆಂದು ಬಯ್ದರು, ತುಟಿ ಒಡೆದದ್ದಕ್ಕೆ ಬೆಣ್ಣೆ ಹಚ್ಚಿಕೊಂಡೆಯಾ ಎಂದು ಬಯ್ದರು. ಆ ಕಡೆ ಶಂಶಾದ್ ನಗುತ್ತಿದ್ದಳು. ಬಯ್ಗುಳ ಕೇಳಿ ಎರಡು ವಾರವಾಗಿತ್ತು ಅವಳಿಗೆ.

ಊಟ ಮಾಡದೆ ಕಳಿಸುವುದಿಲ್ಲವೆಂದು ಖೈರುನ್‌ಬಿ ಹಟ ಹಿಡಿದರು. ತಟ್ಟೆ ಬಂತು. ಲೂರ್ದಮ್ಮ ತನ್ನ ಕೈಯಿಂದಲೇ ನಿಧಾನವಾಗಿ ಕಲಸಿ ತಿಂದಳು. ಹಿಂದಿನ ದಿನಗಳಿಗಿಂತ ಬೆರಳು ಚೆನ್ನಾಗಿ ಮಡಿಸುತ್ತಿತ್ತು. ಚೌರಪ್ಪ ಮತ್ತು ಅಮೀರ್‌ಜಾನ್ ಹೊರಗೆ ಜಗಲಿಯಲ್ಲಿ ಊಟ ಮಾಡುತ್ತಾ ಈ ವರ್ಷದ ಜೋಳಕ್ಕೆ ಕಾಡುಹಂದಿ ಕಾಟ ಎಷ್ಟೆಂದು ಮಾತಾಡಿಕೊಂಡರು. ಆನೆ ದಾಟುವ ಜಾಗ ತನಗೆ ಗೊತ್ತಿರುವಷ್ಟು ಇನ್ನಾರಿಗೂ ಗೊತ್ತಿಲ್ಲವೆಂದು ಇಬ್ಬರೂ ಹೇಳಿದರು.

ಸಂಜೆ ನಾಲ್ಕರ ಬಸ್ಸಿಗೆ ಹೊರಡಲು ಲೂರ್ದಮ್ಮ ಎದ್ದಾಗ ಖೈರುನ್‌ಬಿಯೂ ಎದ್ದರು. ಒಳ್ಳೆಯ ಸೀರೆ ಉಟ್ಟು, ತಲೆಗೆ ಸೆರಗು ಹೊದ್ದು ಬಂದರು. "ಬಸ್ ಹತ್ತಸ್ತೀನಿ ನಡಿ," ಎಂದರು. ಬಸ್ ನಿಲ್ದಾಣಕ್ಕೆ ಹಿಂದಿನ ಓಣಿಯಿಂದ ಹತ್ತಿರದ ದಾರಿಯಿತ್ತು. ಅವರು ಆ ದಾರಿ ಹಿಡಿಯಲಿಲ್ಲ. ಪೇಟೆಯ ನಡುಬೀದಿಗೆ ಬಂದು, ಲೂರ್ದಮ್ಮನ ಮಣಿಕಟ್ಟು ಹಿಡಿದುಕೊಂಡು, ಪ್ರತಿ ಅಂಗಡಿಯ ಮುಂದೆಯೂ ನಿಧಾನವಾಗಿ ನಡೆದರು.

ಬಟ್ಟೆ ಅಂಗಡಿಯ ನಂಜುಂಡಸ್ವಾಮಿ ಕೇಳಿದ. "ಏನ್ ಬೂಬಮ್ಮ, ಬಾಳ ದಿನಾತು ಕಾಣ್ಲೇ ಇಲ್ಲ? ಯಾರಿವ್ರು?"

"ನನ್ ಮಗಳ ಜೊತೆ ಇರೋರು, ಸಲಾಲದಲ್ಲಿ. ಕೈ ನೋಡು ಇವ್ರುದು," ಎಂದು ನಿಂತು, ಮೊದಲಿಂದ ಶುರುಮಾಡಿದರು. ಹಣ್ಣಿನ ಅಂಗಡಿಯ ಮುಂದೆ ಇನ್ನೊಮ್ಮೆ. ಟೀ ಅಂಗಡಿಯ ಮುಂದೆ ಇನ್ನೊಮ್ಮೆ. ಅಲ್ಲಿ ಹನ್ನೊಂದು ಜನ ಹದಿನೈದಾದರು. ಲೂರ್ದಮ್ಮ ತಿದ್ದಲು ಹೋಗಲಿಲ್ಲ.

ಬಸ್ಸು ಬಂತು. ಚೌರಪ್ಪ ಮೊದಲು ಹತ್ತಿ ಸೀಟು ಹಿಡಿದ. ಲೂರ್ದಮ್ಮ ಕಿಟಕಿಯ ಪಕ್ಕ ಕೂತು ಹೊರಗೆ ನೋಡಿದಳು. ಕಂಡಕ್ಟರ್ ಸೀಟಿ ಊದಿದ. ಖೈರುನ್‌ಬಿ ಅವಳಿಗೆ ಕೈಯೆತ್ತಿದರು, ಆದರೆ ಮಾತು ನಿಲ್ಲಿಸಿರಲಿಲ್ಲ. ಸಂತೆಚೀಲ ಹಿಡಿದು ಬಸ್ಸಿಗೆ ಕಾಯುತ್ತಿದ್ದ ಜೀರಹಳ್ಳಿಯ ಇಬ್ಬರು ಹೆಂಗಸರನ್ನು ನಿಲ್ಲಿಸಿಕೊಂಡು, ಬಾಯಿ ತೆಗೆಯೆಂದು ತಮ್ಮ ಮಗಳು ಹೇಳಿದ್ದನ್ನು ಅವಳದೇ ದನಿಯಲ್ಲಿ ಹೇಳಿ ತೋರಿಸುತ್ತಿದ್ದರು.